ಕೈಯಾರೆ ಕಟ್ಟಿದ ವಿಮಾನ

ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯು ನಿಪ್ಪಾಣಿಯನ್ನು ಬಿಟ್ಟು ಸಂಕೇಶ್ವರದ ಕಡೆಗೆ ಸಾಗುವಾಗ ನಡುವೆ ಕಣಗಲಾ ಎಂಬ ಊರು ಸಿಕ್ಕುವುದು. ನಮ್ಮ ಶ್ರೋತೃಗಳಲ್ಲಿ ಹಲವರು ಆ ಹೆಸರನ್ನು ಮೈಲಿಗಲ್ಲಿನ ಮೇಲೆ ಓದಿರಬಹುದು; ಇಳಿದು ನಿಂತವರು ಕಡಿಮೆ. ಹೊಗೆಸೊಪ್ಪಿಗೂ ಮೆಣಸಿನಕಾಯಿಗೂ ಹೆಸರಾದ ಸೀಮೆ ಅದು. ಅಲ್ಲಿಂದ ಪಶ್ಚಿಮಕ್ಕೆ ಬಹುದೂರ ಹೋಗಬೇಕಾಗಿಲ್ಲ, ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕು ಮೊದಲಾಗುವುದು. ಹಿರಣ್ಯಕೇಶಿ ನದಿಯು ಆ ತಾಲ್ಲೂಕನ್ನು ಹಾದು ಸಂಕೇಶ್ವರಕ್ಕೆ ಬರುತ್ತದೆ. ಕನ್ನಡವೂ ಮರಾಠಿಯೂ ಹಾಗೆಯೇ ಗಡಿಯ ಕಲ್ಲನ್ನು ಲೆಕ್ಕಿಸದೆ ಎರಡು ಕಡೆಗೂ ಹರಡಿಕೊಂಡಿವೆ. ಆ ತಾಲ್ಲೂಕಿನ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ 1908ರಲ್ಲಿ ವಿಷ್ಣು ಮಾಧವ ಘಾಟಗೆ ಎಂಬವರು ಹುಟ್ಟಿದರು. ಭಾರತೀಯರೇ ಆಲೋಚಿಸಿ, ಭಾರತೀಯರೇ ರೂಪಿಸಿ ಆಕಾಶಕ್ಕೆ ಕಳುಹಿಸಿದ ವಿಮಾನಗಳ ಚರಿತ್ರೆಯಲ್ಲಿ ಮೊದಲ ಸಾಲಿನ ಹೆಸರು ಅವರದು.

ಆದರೆ ನಾವು ಈ ಹೊತ್ತು ಹೇಳಹೊರಟಿರುವುದು ಅವರೊಬ್ಬರ ಜೀವನಚರಿತ್ರೆಯನ್ನಲ್ಲ. ದೊಡ್ಡ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ವಿಮಾನವನ್ನು ಬಿಟ್ಟು, ಕೆಲವೇ ಜನರು ತಮ್ಮ ಕೈಯಿಂದ, ಪ್ರಯೋಗಕ್ಕೆಂದು, ಒಂದೊಂದಾಗಿ ಕಟ್ಟಿದ ವಿಮಾನದ ಕಥೆಯನ್ನು. ಆ ಕಥೆಯಲ್ಲಿ ಮೊದಲಿನಿಂದಲೂ ಏಳುತ್ತ ಬಂದಿರುವ ಪ್ರಶ್ನೆ ಒಂದೇ: ಕಟ್ಟಿದವನ ಕೈಯನ್ನು ನಂಬಿ ಪ್ರಾಣವನ್ನು ಒಪ್ಪಿಸಬಹುದೆ? ಒಪ್ಪಿಸುವುದಾದರೆ ಯಾವ ಪರೀಕ್ಷೆಯ ಬಲದ ಮೇಲೆ?

ವಾಸ್ತವವಾಗಿ ನೋಡಿದರೆ ಜಗತ್ತಿನ ಮೊದಲನೆಯ ವಿಮಾನವೇ ಮನೆಯಲ್ಲಿ ಕಟ್ಟಿದುದು. ಅಮೆರಿಕದ ಡೇಟನ್ ನಗರದಲ್ಲಿ ಬೈಸಿಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿದರೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಅದಕ್ಕೆ ಎರಡು ವರ್ಷ ಮೊದಲು ಅವರು ಮರದ ಪೆಟ್ಟಿಗೆಯೊಂದರೊಳಗೆ ಗಾಳಿಯನ್ನು ನುಗ್ಗಿಸಿ, ಸುಮಾರು ಇನ್ನೂರು ಆಕಾರದ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ಪರೀಕ್ಷಿಸಿದರೆಂಬುದನ್ನು ಬಲ್ಲವರು ಕಡಿಮೆ. ಅವರನ್ನು ಹಾರಿಸಿದುದು ಕೇವಲ ಧೈರ್ಯವಲ್ಲ, ಆ ಪೆಟ್ಟಿಗೆ.

ಈ ಪೆಟ್ಟಿಗೆಯನ್ನು ಮರೆತುದರ ಫಲವನ್ನು ಫ್ರಾನ್ಸ್ ದೇಶವು ಮೂವತ್ತು ವರ್ಷಗಳ ಮೇಲೆ ಕಂಡಿತು. ಆನ್ರಿ ಮಿನ್ಯೆ ಎಂಬಾತನು 1933ರಲ್ಲಿ ಒಬ್ಬನೇ ಕೂರುವಂತಹ ಪುಟ್ಟ ವಿಮಾನವೊಂದನ್ನು ಹಾರಿಸಿ, ಅದನ್ನು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದನು. ಅದಕ್ಕೆ 'ಆಕಾಶದ ಚಿಗಟ' ಎಂಬ ಅರ್ಥದ ಹೆಸರಾಯಿತು. ಬಡಗಿಯ ಕೆಲಸ ಅಲ್ಪಸ್ವಲ್ಪ ಬಲ್ಲ ಗುಮಾಸ್ತರೂ ಉಪಾಧ್ಯಾಯರೂ ಫ್ರಾನ್ಸಿನಲ್ಲಿಯೂ ಬ್ರಿಟನ್ನಿನಲ್ಲಿಯೂ ತಮ್ಮ ತಮ್ಮ ಕೊಟ್ಟಿಗೆಗಳಲ್ಲಿ ಚಿಗಟಗಳನ್ನು ಕಟ್ಟಲಾರಂಭಿಸಿದರು. ಕೆಲವರು ಹಾರಿದರು, ಕೆಲವರು ಸತ್ತರು. ಮುಂದೊಂದು ಹಿಂದೊಂದು ಹತ್ತಿರ ಹತ್ತಿರವಾಗಿ ಜೋಡಿಸಿದ ಅದರ ಎರಡು ರೆಕ್ಕೆಗಳ ನಡುವೆ ಹಾಯುವ ಗಾಳಿಯಲ್ಲಿ ಒಂದು ವಂಚನೆಯಿತ್ತು. ವಿಮಾನವು ಒಂದು ಮಿತಿಗಿಂತ ಹೆಚ್ಚಾಗಿ ಮೂಗನ್ನು ಕೆಳಕ್ಕೆ ಬಾಗಿಸಿದರೆ, ಚಾಲಕನು ಕೋಲನ್ನು ಎಷ್ಟು ಹಿಂದಕ್ಕೆ ಎಳೆದರೂ ಅದು ಮೇಲೇಳದೆ ಇನ್ನೂ ಕೆಳಕ್ಕೇ ಮುಗ್ಗರಿಸುತ್ತಿದ್ದಿತು. 1936ರಲ್ಲಿ ಫ್ರಾನ್ಸಿನ ಮತ್ತು ಇಂಗ್ಲೆಂಡಿನ ದೊಡ್ಡ ಗಾಳಿಸುರಂಗಗಳಲ್ಲಿ ಇಡೀ ವಿಮಾನವನ್ನೇ ನಿಲ್ಲಿಸಿ ಪರೀಕ್ಷಿಸಿದಾಗ ಈ ದೋಷವು ಹೊರಬಿದ್ದು, ಅದರ ಹಾರಾಟಕ್ಕೆ ತಡೆಯಾಯಿತು. ಮಿನ್ಯೆಯನ್ನು ನಾವು ಹಳಿಯಲಾರೆವು. ತಾನೂ ಅದೇ ವಿಮಾನದಲ್ಲಿ ಕುಳಿತು ಹಾರಿದವನು ಆತ. ಆದರೆ ಮೊದಲು ಕಟ್ಟಿ ಹಾರಿ, ಆಮೇಲೆ ಅಳೆಯುವುದು ಕ್ರಮವಲ್ಲ.

ಅದೇ 1936ರಲ್ಲಿ ನಮ್ಮ ಘಾಟಗೆಯವರು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾವಿದ್ವಾಂಸರ ಕೈಕೆಳಗೆ ಡಾಕ್ಟರ್ ಪದವಿಯನ್ನು ಪಡೆದರು. ರೆಕ್ಕೆಗೆ ಅಂಟಿದಂತೆ ಹರಿಯುವ ಗಾಳಿಯ ತೆಳುಪದರದ ಗುಣವನ್ನು 1904ರಲ್ಲಿ ಮೊದಲು ವಿವರಿಸಿದವರು ಈ ಪ್ರಾಂಟ್ಲ್. ಇಂತಹ ಗುರುವಿನ ಬಳಿ ಕಲಿತವರು ತಾಯ್ನಾಡಿಗೆ ಬಂದರೆ ಇಲ್ಲಿ ಕಟ್ಟಲು ವಿಮಾನವೇ ಇರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗದೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ ಘಾಟಗೆಯವರಿಗೆ ತಕ್ಕ ಕೆಲಸ ದೊರೆಯಿತು. ಕಂಪನಿಯ ಉದ್ದೇಶವು ಅಮೆರಿಕದ ವಿಮಾನಗಳನ್ನು ಇಲ್ಲಿ ಜೋಡಿಸುವುದಾಗಿದ್ದಿತು. ಆ ಗದ್ದಲದ ನಡುವೆ ಘಾಟಗೆಯವರು ಹತ್ತು ಮಂದಿ ಕೂರಬಹುದಾದ, ಎಂಜಿನಿಲ್ಲದೆ ತೇಲುವ ವಿಮಾನವೊಂದನ್ನು ರೂಪಿಸಿದರು. 1941ರಲ್ಲಿ ಅದು ಸಿದ್ಧವಾಯಿತು. ಕಟ್ಟಿದುದು ಅದೊಂದನ್ನೇ; ಎರಡನೆಯದನ್ನು ಯಾರೂ ಕೇಳಲಿಲ್ಲ. ಯುದ್ಧಕಾಲದಲ್ಲಿ ರಿಪೇರಿಯ ಕೆಲಸವೇ ಕಾರ್ಖಾನೆಯನ್ನು ತುಂಬಿಕೊಂಡಿತು. ಆದರೂ ಭಾರತೀಯ ವಿನ್ಯಾಸದ ಮೊದಲ ಪಾಠವು ಆ ಒಂದೇ ಒಂದು ವಿಮಾನದಲ್ಲಿ ನಡೆಯಿತೆಂದು ನಮ್ಮ ಅಭಿಪ್ರಾಯ.

1942ರ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನವಿದ್ಯೆಯ ವಿಭಾಗವು ಆರಂಭವಾದಾಗ ಅದನ್ನು ನಡೆಸಿದವರೂ ಘಾಟಗೆಯವರೇ. ಆಮೇಲೆ ಕಾರ್ಖಾನೆಗೆ ಮರಳಿ ಅವರು ರೂಪಿಸಿದ ಎಚ್.ಟಿ.-2 ಎಂಬ ಎರಡು ಆಸನದ ಶಿಕ್ಷಣವಿಮಾನವು 1951ರ ಆಗಸ್ಟಿನಲ್ಲಿ ಮೇಲೇರಿತು. ನಮ್ಮ ವಾಯುಪಡೆಯ ಒಂದು ತಲೆಮಾರು ಅದರಲ್ಲಿಯೇ ಹಾರಾಟವನ್ನು ಕಲಿತಿತು.

ಇಲ್ಲಿ ಒಂದು ಮಾತನ್ನು ಆಡದೆ ಮುಂದೆ ಹೋಗುವಂತಿಲ್ಲ. ವಿಮಾನದ ಪ್ರಸ್ತಾಪ ಬಂದೊಡನೆ ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳ ವೈಮಾನಿಕ ಶಾಸ್ತ್ರವನ್ನು ನೆನೆಯುವವರು ನಮ್ಮಲ್ಲಿ ಬಹಳ. 1974ರಲ್ಲಿ ವಿಜ್ಞಾನ ಮಂದಿರದ ಐವರು ವಿದ್ವಾಂಸರು ಆ ಗ್ರಂಥವನ್ನು ಪಕ್ಷಪಾತವಿಲ್ಲದೆ ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿಕೊಟ್ಟರು. ಪ್ರಾಚೀನರಲ್ಲಿ ನಮಗೆ ಗೌರವ ಕಡಿಮೆಯಲ್ಲ; ಆದರೆ ತೂಕ ಮತ್ತು ಎತ್ತುಬಲಗಳ ಲೆಕ್ಕವು ಯಾರ ಗೌರವಕ್ಕೂ ಬಾಗುವುದಿಲ್ಲ.

ಮನೆಯಲ್ಲಿ ಕಟ್ಟುವ ವಿಮಾನವು ನಿಜವಾಗಿ ಬೆಂಗಳೂರಿಗೆ ಬಂದುದು 1980ರ ದಶಕದಲ್ಲಿ, ಅದೂ ಸರ್ಕಾರದ ಪ್ರಯೋಗಶಾಲೆಯ ಬಾಗಿಲಿನಿಂದ. ಅಮೆರಿಕದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು ಮನೆಯಲ್ಲಿ ಕಟ್ಟುವವರಿಗೆಂದೇ 'ಲಾಂಗ್ ಈಜಿ' ಎಂಬ ಎರಡು ಆಸನದ ವಿಮಾನವನ್ನು ರೂಪಿಸಿ, 1979ರಲ್ಲಿ ಹಾರಿಸಿ, ಅದರ ನಕ್ಷೆಗಳನ್ನು ಮಾರಿದನು. ಅದರ ಕಿರುರೆಕ್ಕೆಯು ಬಾಲದಲ್ಲಿಲ್ಲ, ಮೂಗಿನಲ್ಲಿದೆ. ಎಂಜಿನು ಹಿಂದುಗಡೆಯಿದ್ದು ವಿಮಾನವನ್ನು ಮುಂದಕ್ಕೆ ನೂಕುತ್ತದೆ. ನಿಂತಾಗ ಹಿಂದಿನ ಭಾರಕ್ಕೆ ಮಗುಚಿಕೊಳ್ಳದಿರಲೆಂದು ಮುಂಗಾಲಿಯನ್ನು ಮಡಿಸಿ, ಮೂಗನ್ನು ನೆಲಕ್ಕೆ ಊರಿ ನಿಲ್ಲಿಸುತ್ತಾರೆ; ನೋಡುವವರಿಗೆ ಕರುವು ಮೊಣಕಾಲೂರಿದಂತೆ ಕಾಣುವುದು.

ಇದನ್ನು ಕಟ್ಟುವ ಬಗೆ ಸ್ವಾರಸ್ಯವಾಗಿದೆ. ಲೋಹದ ತಗಡಿಲ್ಲ, ಅಚ್ಚುಗಳಿಲ್ಲ. ಬೆಂಡಿನಂತೆ ಹಗುರವಾದ ಫೋಮಿನ ದಿಮ್ಮಿಯ ಎರಡು ತುದಿಗಳಿಗೂ ರೆಕ್ಕೆಯ ಆಕಾರದ ಹಲಗೆಯನ್ನು ಕಟ್ಟಿ, ವಿದ್ಯುತ್ತಿನಿಂದ ಕಾಯಿಸಿದ ತಂತಿಯನ್ನು ಇಬ್ಬರು ಎರಡು ಕಡೆ ಹಿಡಿದು, ಆ ಹಲಗೆಗಳ ಅಂಚಿನ ಮೇಲೆ ಒಂದೇ ವೇಗದಲ್ಲಿ ಎಳೆಯುತ್ತಾರೆ. ಬೆಣ್ಣೆಯನ್ನು ಕೊಯ್ದಂತೆ ರೆಕ್ಕೆಯ ಆಕಾರವು ಹೊರಬರುವುದು. ಒಬ್ಬನು ಅವಸರಪಟ್ಟರೆ ರೆಕ್ಕೆಯು ಅಂಕುಡೊಂಕಾಗುವುದು. ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಗೊತ್ತಾದ ಕೋನದಲ್ಲಿ ಪದರಪದರವಾಗಿ ಹಾಸಿ, ಎಪಾಕ್ಸಿ ಎಂಬ ಅಂಟನ್ನು ಸವರಿ, ಹೆಚ್ಚಾದ ಅಂಟನ್ನು ಒತ್ತಿ ತೆಗೆಯಬೇಕು. ಅಂಟು ಕಡಿಮೆಯಾದರೆ ಪದರಗಳು ಬಿಡುವುವು. ಹೆಚ್ಚಾದರೆ ಬಲ ಬಾರದೆ ತೂಕ ಮಾತ್ರ ಬರುವುದು. ಕೆಲಸದ ಕೋಣೆಯ ತೇವವನ್ನೂ ಶಾಖವನ್ನೂ ಕಾಯಬೇಕು. ಕೈಯ ಕೆಲಸವೇ ಇಲ್ಲಿ ವಿಮಾನದ ಬಲ.

ಬೆಂಗಳೂರಿನ ರಾಷ್ಟ್ರೀಯ ವಿಮಾನವಿಜ್ಞಾನ ಪ್ರಯೋಗಶಾಲೆಯು, ರೊದ್ದಂ ನರಸಿಂಹರು ನಿರ್ದೇಶಕರಾಗಿದ್ದ ಕಾಲದಲ್ಲಿ, ಈ ರುಟಾನನ ವಿನ್ಯಾಸವನ್ನು ಆಧರಿಸಿ ತನ್ನದೊಂದು ಸಂಶೋಧನ ವಿಮಾನವನ್ನು ಕಟ್ಟಿತು. 1987ರಲ್ಲಿ ಅದು ಹಾರಿತು. ಮನೆಯ ಕೊಟ್ಟಿಗೆಗೆಂದು ಬರೆದ ನಕ್ಷೆಯನ್ನು ರಾಷ್ಟ್ರೀಯ ಪ್ರಯೋಗಶಾಲೆಯೊಂದು ಆರಿಸಿಕೊಂಡುದೇಕೆಂದು ಹುಬ್ಬೇರಿಸಬಹುದು. ನಮಗೆ ತೋರುವ ಕಾರಣವಿಷ್ಟೆ: ಲೋಹವನ್ನು ಬಿಟ್ಟು ನಾರು ಮತ್ತು ಅಂಟಿನಿಂದ ವಿಮಾನವನ್ನು ಕಟ್ಟುವ ವಿದ್ಯೆಯನ್ನು ಕಲಿಯಲು ಇದಕ್ಕಿಂತ ಅಗ್ಗದ ಪಾಠಶಾಲೆಯಿರಲಿಲ್ಲ. ಅದೇ ಪ್ರಯೋಗಶಾಲೆಯು 1993ರಲ್ಲಿ ಹಾರಿಸಿದ 'ಹಂಸ'ವು ಅಂತಹ ವಸ್ತುಗಳಿಂದಲೇ ಆದುದು. ತೇಜಸ್ ಯುದ್ಧವಿಮಾನದ ಬಾಲದ ನೆಟ್ಟನೆಯ ರೆಕ್ಕೆಯನ್ನು ಸಿದ್ಧಗೊಳಿಸಿದವರೂ ಅವರೇ.

ಕಟ್ಟುವುದು ಅರ್ಧ, ನಡೆಸುವುದು ಅರ್ಧ. ಮೂಗಿನ ಕಿರುರೆಕ್ಕೆಯುಳ್ಳ ವಿಮಾನಕ್ಕೆ ಒಂದು ಸುಗುಣವಿದೆ. ವೇಗವು ತೀರ ಕುಗ್ಗಿದಾಗ ಮೊದಲು ಕಿರುರೆಕ್ಕೆಯೇ ಬಲ ಕಳೆದುಕೊಂಡು ಮೂಗು ತಾನಾಗಿ ಇಳಿಯುವುದರಿಂದ ದೊಡ್ಡ ರೆಕ್ಕೆಯು ಕೈಕೊಡುವುದಿಲ್ಲ. ಆದರೆ ಮಳೆಯಲ್ಲಿ ಹಾರಿದವರು ಬೇರೊಂದನ್ನು ಕಂಡರು. ಕಿರುರೆಕ್ಕೆಯ ಮೇಲೆ ಹನಿಗಳು ಕುಳಿತರೆ ಅದರ ಬಲ ಕುಂದಿ, ಕೆಲವು ವಿಮಾನಗಳಲ್ಲಿ ಮೂಗು ಬಾಗುತ್ತಿದ್ದಿತು. ಆ ರೆಕ್ಕೆಯ ಆಕಾರವನ್ನೇ ಆಮೇಲೆ ಬದಲಾಯಿಸಬೇಕಾಯಿತು. ಅಮೆರಿಕದಲ್ಲಿ ಇಂತಹ ವಿಮಾನಗಳ ಮೈಮೇಲೆ 'ಎಕ್ಸ್‌ಪೆರಿಮೆಂಟಲ್' ಎಂದು ಬರೆದಿರಬೇಕು. ಮೊದಲ ನಲವತ್ತು ಗಂಟೆಗಳಷ್ಟು ಕಾಲ, ಪ್ರಮಾಣಿತ ಎಂಜಿನಾದರೆ ಇಪ್ಪತ್ತೈದು ಗಂಟೆ, ಗೊತ್ತುಮಾಡಿದ ಪ್ರದೇಶದ ಮೇಲೆಯೇ ಹಾರಿ ಪರೀಕ್ಷಿಸುವುದು ವಾಡಿಕೆ. ಇಷ್ಟೆಲ್ಲ ಆದ ಮೇಲೂ ಒಂದು ಸಣ್ಣ ಬದಲಾವಣೆಯು ಪ್ರಾಣವನ್ನು ಕೊಂಡೊಯ್ಯಬಲ್ಲದು. 1997ರಲ್ಲಿ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದು ಸತ್ತುದು ಲಾಂಗ್ ಈಜಿಯಲ್ಲಿಯೇ. ಪೆಟ್ರೋಲಿನ ತೊಟ್ಟಿಯನ್ನು ಬದಲಿಸುವ ತಿರುಪನ್ನು ಕಟ್ಟಿದವನು ನಕ್ಷೆಯಲ್ಲಿದ್ದ ಜಾಗದಿಂದ ತೆಗೆದು ಚಾಲಕನ ಎಡಭುಜದ ಹಿಂದಕ್ಕೆ ಇಟ್ಟಿದ್ದನು. ಅದನ್ನು ತಿರುಗಿಸಲು ಮೈಯನ್ನು ಹೊರಳಿಸುವಾಗ ಕಾಲು ಚುಕ್ಕಾಣಿಯ ಪೆಡಲನ್ನು ಒತ್ತಿ ವಿಮಾನವು ಹತೋಟಿ ತಪ್ಪಿತೆಂದು ವಿಚಾರಣೆಯು ತೀರ್ಮಾನಿಸಿತು.

ನಮ್ಮ ದೇಶದಲ್ಲಿ ಖಾಸಗಿ ಮನುಷ್ಯನು ವಿಮಾನ ಕಟ್ಟುವುದಕ್ಕೆ ಕೈಚಳಕಕ್ಕಿಂತ ಹೆಚ್ಚಾಗಿ ಸಹನೆ ಬೇಕು. ಬೆಂಗಳೂರಿನ ರಾಜಹಂಸ ಎಂಬ ಸಂಸ್ಥೆಯು ಕೊಳವೆ ಮತ್ತು ಬಟ್ಟೆಯಿಂದಾದ 'ಎಕ್ಸ್-ಏರ್' ಎಂಬ ಹಗುರ ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಹೊರದೇಶಗಳಿಗೆ ಕಳುಹಿಸಿತು. ಇಲ್ಲಿ ತಯಾರಾದುದನ್ನು ಬ್ರಿಟನ್ನಿನ ಗೃಹಸ್ಥನು ತನ್ನ ಮನೆಯಲ್ಲಿ ಜೋಡಿಸಿ ಹಾರಿದನು. ಇತ್ತ ಸಾತಾರ ಸೀಮೆಯ ಮೂಲದ ವಿಮಾನಚಾಲಕ ಅಮೋಲ್ ಯಾದವರು ಮುಂಬಯಿಯಲ್ಲಿ ತಮ್ಮ ಮನೆಯ ತಾರಸಿಯ ಮೇಲೆಯೇ ಆರು ಆಸನದ ವಿಮಾನವನ್ನು ಕಟ್ಟಿದರು. 2016ರ ಪ್ರದರ್ಶನದಲ್ಲಿ ಅದನ್ನು ನೋಡಲು ಜನರು ನೆರೆದರು. ಆದರೆ ಸರ್ಕಾರದ ನೋಂದಣಿಯು ದೊರೆತುದು 2017ರ ಕೊನೆಯಲ್ಲಿ, ವರ್ಷಗಟ್ಟಲೆ ಕಚೇರಿಗಳನ್ನು ಅಲೆದ ಮೇಲೆ. ಪರೀಕ್ಷೆಯಿಲ್ಲದೆ ಬಿಡಬಾರದೆಂಬುದನ್ನು ಚಿಗಟದ ಕಥೆಯನ್ನು ಕೇಳಿದ ನಾವು ಒಪ್ಪುತ್ತೇವೆ. ಪರೀಕ್ಷೆ ಬೇರೆ, ಕಾಯಿಸುವುದು ಬೇರೆ. ತಾರಸಿಯಿಂದ ಭಾಗಭಾಗವಾಗಿ ಕೆಳಗಿಳಿದ ಆ ವಿಮಾನವು 2020ರಲ್ಲಿ ಧುಳೆಯ ಹಾರುನೆಲದಿಂದ ಮೇಲೆದ್ದಿತು.