ಯೋಹಾನನ ಪತ್ರಿಕೆಗೆ ಸೇರಿಕೊಂಡ ಮಾತು

ಯೋಹಾನನು ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಯೇಸುವಿನ ಪರವಾಗಿ ಸಾಕ್ಷಿ ಹೇಳುವ ಮೂರರ ಪ್ರಸ್ತಾಪವಿದೆ: ಆತ್ಮ, ನೀರು, ರಕ್ತ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್‌ನಲ್ಲಿ ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಪರಲೋಕದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು ಸಾಕ್ಷಿಗಳಿದ್ದಾರೆ, ಆ ಮೂವರೂ ಒಂದೇ ಎಂಬುದು ಅದರ ತಾತ್ಪರ್ಯ. ತ್ರಿಯೇಕ ದೇವರ ತತ್ತ್ವವನ್ನು ಇಷ್ಟು ನೇರವಾಗಿ ಹೇಳುವ ವಾಕ್ಯ ಬೈಬಲ್‌ನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಆದರೆ ಅದು ಪ್ರಕ್ಷಿಪ್ತ.

ನಾಲ್ಕನೆಯ ಶತಮಾನದ ವ್ಯಾಟಿಕಾನಸ್, ಸಿನೈಟಿಕಸ್ ಹಸ್ತಪ್ರತಿಗಳಲ್ಲಾಗಲಿ ಐದನೆಯ ಶತಮಾನದ ಅಲೆಕ್ಸಾಂಡ್ರಿನಸ್‌ನಲ್ಲಾಗಲಿ ಈ ಮಾತಿಲ್ಲ. ಇದನ್ನು ಹೊತ್ತ ಗ್ರೀಕ್ ಪ್ರತಿಗಳು ಬೆರಳೆಣಿಕೆಯಷ್ಟು, ಎಲ್ಲವೂ ಈಚಿನವು. ಕೆಲವುಗಳಲ್ಲಂತೂ ಯಾರೋ ಅಂಚಿನಲ್ಲಿ ಆಮೇಲೆ ಬರೆದು ಸೇರಿಸಿದ್ದಾರೆ. ಹಸ್ತಪ್ರತಿಗಳಿಗಿಂತ ಬಲವಾದ ಸಾಕ್ಷ್ಯವೆಂದರೆ ಗ್ರೀಕ್ ಸಭಾಪಿತೃಗಳ, ಅಂದರೆ ಆರಂಭಕಾಲದ ಧರ್ಮಾಚಾರ್ಯರ, ಮೌನ. ಮಗನು ತಂದೆಗೆ ಸಮಾನನಲ್ಲ ಎಂದ ಏರಿಯಸ್‌ನ ಅನುಯಾಯಿಗಳೊಡನೆ ನಾಲ್ಕನೆಯ ಶತಮಾನದುದ್ದಕ್ಕೂ ವಾದ ನಡೆಯಿತು. 325ರಲ್ಲಿ ನೈಸಿಯಾದಲ್ಲಿ, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಧರ್ಮಸಭೆಗಳು ಸೇರಿದವು. ಎದುರಾಳಿಯ ಬಾಯಿ ಮುಚ್ಚಿಸಬಲ್ಲ ಈ ವಾಕ್ಯವನ್ನು ಒಬ್ಬ ಗ್ರೀಕ್ ಸಭಾಪಿತನೂ ಎತ್ತಿಕೊಂಡಿಲ್ಲ. ಕೈಯಲ್ಲಿದ್ದಿದ್ದರೆ ಬಿಡುತ್ತಿದ್ದರೇ? ತ್ರಿಯೇಕತ್ವದ ಸಿದ್ಧಾಂತ ರೂಪುಗೊಂಡದ್ದು ಈ ವಚನದ ಹಂಗಿಲ್ಲದೆ. ಸಿದ್ಧಾಂತವೇ ವಚನಕ್ಕೆ ಜನ್ಮ ಕೊಟ್ಟಿತು ಎನ್ನುವುದು ಸರಿ.

ಅದು ಹುಟ್ಟಿದ್ದು ಲ್ಯಾಟಿನ್ ಜಗತ್ತಿನಲ್ಲಿ. ಆತ್ಮ, ನೀರು, ರಕ್ತಗಳನ್ನು ತಂದೆ, ಮಗ, ಪವಿತ್ರಾತ್ಮರ ಸಂಕೇತವೆಂದು ವ್ಯಾಖ್ಯಾನಿಸುವ ರೂಢಿ ಉತ್ತರ ಆಫ್ರಿಕದ ಸಭೆಯಲ್ಲಿತ್ತು. ಇಂಥ ಟಿಪ್ಪಣಿಯನ್ನು ಓದುಗನೊಬ್ಬ ಅಂಚಿನಲ್ಲಿ ಬರೆದಿಟ್ಟರೆ, ಮುಂದಿನ ಲಿಪಿಕಾರ ಅದನ್ನು ಬಿಟ್ಟುಹೋದ ಸಾಲೆಂದು ಬಗೆದು ಒಳಗೆ ಸೇರಿಸುವುದು ಸಹಜ. ಪಂಪನಿಂದ ಕುಮಾರವ್ಯಾಸನವರೆಗಿನ ಓಲೆಪ್ರತಿಗಳನ್ನು ಸಂಪಾದಿಸಿದವರಿಗೆ ಈ ಬಗೆಯ ನುಸುಳುವಿಕೆ ಹೊಸದೇನಲ್ಲ. ಪತ್ರಿಕೆಯ ಭಾಗವಾಗಿಯೇ ಈ ಮಾತು ಖಚಿತವಾಗಿ ಕಾಣಿಸುವುದು 380ರ ಸುಮಾರಿಗೆ, ಸ್ಪೇನಿನ ಪ್ರಿಸಿಲಿಯನ್‌ನ ಬರಹದಲ್ಲಿ. ಪಾಷಂಡಿಯೆಂಬ ಹೆಸರು ಹೊತ್ತ ಆತ ಮುಂದೆ ಟ್ರಿಯರ್‌ನಲ್ಲಿ ಮರಣದಂಡನೆಗೆ ಗುರಿಯಾದ. ಲ್ಯಾಟಿನ್ ಬೈಬಲ್ ಆದ ವಲ್ಗೇಟ್‌ನ ಹಳೆಯ ಪ್ರತಿಗಳು, 546ರ ಫುಲ್ಡಾ ಪ್ರತಿಯೂ ಸೇರಿ, ಈ ಮಾತನ್ನು ಅರಿಯವು. ನಂತರದ ಶತಮಾನಗಳಲ್ಲಿ ಅದು ಹೆಚ್ಚಿನ ಲ್ಯಾಟಿನ್ ಪ್ರತಿಗಳಿಗೆ ಹಬ್ಬಿತು.

1516ರಲ್ಲಿ ಬಾಸೆಲ್‌ನ ಫ್ರೋಬೆನ್ ಮುದ್ರಣಾಲಯದಿಂದ ವಿದ್ವಾಂಸ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಹೊರತಂದಾಗ ಅದರಲ್ಲಿ ಈ ವಾಕ್ಯವಿರಲಿಲ್ಲ. 1519ರ ಎರಡನೆಯ ಮುದ್ರಣದಲ್ಲೂ ಇರಲಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಲೀ, ಸ್ಪೇನಿನ ಸ್ತುನಿಕಾ ಇಬ್ಬರೂ ಆತನ ಮೇಲೆ ಮುಗಿಬಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಆ ಮಾತಿರುವ ಒಂದು ಗ್ರೀಕ್ ಪ್ರತಿ ದೊರೆಯಿತು. ಈಗ ಅದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಬರೆದದ್ದು ಹದಿನಾರನೆಯ ಶತಮಾನದ ಆರಂಭದಲ್ಲಿ. ಅದರ ಗ್ರೀಕ್ ಭಾಷೆಯೇ ಗುಟ್ಟು ಬಿಟ್ಟುಕೊಡುತ್ತದೆ. ತಂದೆ, ವಾಕ್ಯ, ಆತ್ಮ ಎಂಬ ಪದಗಳಿಗೆ ಮೊದಲು ಗ್ರೀಕ್‌ಗೆ ಬೇಕಾದ ನಿರ್ದೇಶಕ ಪದಗಳೇ ಇಲ್ಲ. ಲ್ಯಾಟಿನ್‌ನಲ್ಲಿ ಅಂಥ ಪದಗಳಿರುವುದಿಲ್ಲ; ಅನುವಾದಿಸಿದವನು ಸೇರಿಸುವುದನ್ನು ಮರೆತಿದ್ದಾನೆ. ಪ್ರತಿಯನ್ನು ಲ್ಯಾಟಿನ್ ನೋಡಿ ತಿದ್ದಿರಬಹುದೆಂಬ ಗುಮಾನಿ ಎರಾಸ್ಮಸ್‌ಗೂ ಇತ್ತು. ಆದರೂ ನಿಂದೆಗೆ ಎಡೆಗೊಡಬಾರದೆಂದು 1522ರ ಮೂರನೆಯ ಮುದ್ರಣದಲ್ಲಿ ವಾಕ್ಯವನ್ನು ಸೇರಿಸಿದ. ಒಂದೇ ಒಂದು ಗ್ರೀಕ್ ಪ್ರತಿ ತೋರಿಸಿದರೆ ಸೇರಿಸುವೆನೆಂದು ಆತ ಮಾತು ಕೊಟ್ಟಿದ್ದನೆಂಬ ಜನಪ್ರಿಯ ಕಥೆಗೆ ಆಧಾರವಿಲ್ಲವೆಂದು ಡಚ್ ವಿದ್ವಾಂಸ ಡಿ ಯೋಂಗೆ 1980ರಲ್ಲಿ ತೋರಿಸಿಕೊಟ್ಟರು. ಎರಾಸ್ಮಸ್‌ನ 1519ರ ಪಾಠವನ್ನು ಆಧರಿಸಿದ ಲೂಥರ್‌ನ ಜರ್ಮನ್ ಅನುವಾದದಲ್ಲಿ ಆತ ಬದುಕಿರುವವರೆಗೂ ಈ ಮಾತು ಬರಲಿಲ್ಲ. ಆದರೆ ಸ್ಟೆಫಾನಸ್‌ನ 1550ರ ಗ್ರೀಕ್ ಮುದ್ರಣದಂಥವುಗಳ ಮೂಲಕ ಕಿಂಗ್ ಜೇಮ್ಸ್ ಅನುವಾದಕ್ಕೆ ಅದು ಬಂದು ಕುಳಿತಿತು.

1690ರಲ್ಲಿ ಐಸಾಕ್ ನ್ಯೂಟನ್ ಈ ವಚನ ಕೃತಕವೆಂದು ಜಾನ್ ಲಾಕ್‌ಗೆ ದೀರ್ಘವಾಗಿ ಬರೆದ. ಅಚ್ಚಿಗೆ ಕಳಿಸಲು ಹೊರಟು, ಹೆದರಿ ಹಿಂತೆಗೆದ. ತ್ರಿಯೇಕತ್ವವನ್ನು ಅಲ್ಲಗಳೆದವರಿಗೆ ಹುದ್ದೆ ಉಳಿಯದ ಕಾಲವದು. ಬರಹ ಬೆಳಕು ಕಂಡದ್ದು ಆತ ಸತ್ತ ಮೇಲೆ, 1754ರಲ್ಲಿ. ಮುಂದೆ ಇತಿಹಾಸಕಾರ ಗಿಬ್ಬನ್ ಈ ವಚನವನ್ನು ಕೆಣಕಿದ. ಅವನಿಗೆ ಉತ್ತರ ಕೊಡಲು ಹೊರಟ ಟ್ರಾವಿಸ್ ಎಂಬ ಪಾದ್ರಿಯ ವಾದವನ್ನು ಗ್ರೀಕ್ ವಿದ್ವಾಂಸ ರಿಚರ್ಡ್ ಪೋರ್ಸನ್ 1790ರ ಹೊತ್ತಿಗೆ ಚಿಂದಿ ಮಾಡಿದ. ಇಂಗ್ಲೆಂಡಿನಲ್ಲಿ ಚರ್ಚೆ ಬಹುಮಟ್ಟಿಗೆ ಅಲ್ಲಿಗೇ ತೀರ್ಮಾನವಾಯಿತು. 1881ರ ಪರಿಷ್ಕೃತ ಇಂಗ್ಲಿಷ್ ಅನುವಾದ ಅಡಿಟಿಪ್ಪಣಿಯನ್ನೂ ಕೊಡದೆ ಅದನ್ನು ಕೈಬಿಟ್ಟಿತು.

ರೋಮ್ ಅಷ್ಟು ಬೇಗ ಒಪ್ಪಲಿಲ್ಲ. ವಚನವನ್ನು ಸಂದೇಹಿಸುವುದು ಕ್ಷೇಮವಲ್ಲವೆಂದು 1897ರಲ್ಲಿ ಅಲ್ಲಿನ ಧರ್ಮಪೀಠ ಸಾರಿತು. 1927ರಲ್ಲಿ ಆ ಕಟ್ಟನ್ನು ಸಡಿಲಿಸಿ ವಿದ್ವಾಂಸರ ವಿವೇಚನೆಗೆ ಬಿಟ್ಟಿತು. 1979ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಹೊಸ ಲ್ಯಾಟಿನ್ ಬೈಬಲ್ ನೋವಾ ವಲ್ಗಾಟಾದಲ್ಲಿ ಆ ಮಾತಿಲ್ಲ.