ಇರುಳಿನ ಮಂಜುಗಡ್ಡೆ, ಹಗಲಿನ ತಂಪು: ಕಟ್ಟಡಗಳ ಹವಾನಿಯಂತ್ರಣದಲ್ಲಿ ಶೀತ ಸಂಗ್ರಹದ ಚರಿತ್ರೆ

ಕಟ್ಟಡಕ್ಕೆ ಬೇಕಾದ ತಂಪನ್ನು ಮುಂಚಿತವಾಗಿಯೇ ತಯಾರಿಸಿ, ತಣ್ಣೀರು ಅಥವಾ ಮಂಜುಗಡ್ಡೆಯ ರೂಪದಲ್ಲಿ ಕೂಡಿಟ್ಟು, ಬೇಕಾದಾಗ ಬಳಸುವ ವ್ಯವಸ್ಥೆಯೇ ಶೀತ ಸಂಗ್ರಹ. ಇದರ ಚರಿತ್ರೆಯನ್ನು ಯಂತ್ರಗಳ ಸುಧಾರಣೆಯ ಕಥನವಾಗಿ ಬರೆಯುವುದು ರೂಢಿಯಾದರೂ, ತಂಪು ಯಾವ ಹೊತ್ತಿನಲ್ಲಿ ಅಗ್ಗವಾಗಿತ್ತು ಎಂಬ ಪ್ರಶ್ನೆಯೇ ಅದರ ಬಹುತೇಕ ತಿರುವುಗಳನ್ನು ನಿರ್ಧರಿಸಿದೆ.

ಇರುಳಿನ ತಂಪನ್ನು ಕೂಡಿಡುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಚಳಿಗಾಲದ ರಾತ್ರಿಗಳಲ್ಲಿ ಅಲಹಾಬಾದಿನ ಬಯಲಿನಲ್ಲಿ ತಗ್ಗು ತೋಡಿ, ಅದರಲ್ಲಿ ಒಣಗಿದ ದಂಟುಗಳನ್ನು ಹಾಸಿ, ಅದರ ಮೇಲೆ ನೀರು ತುಂಬಿದ ಮಣ್ಣಿನ ತಟ್ಟೆಗಳನ್ನಿಟ್ಟು, ಸೂರ್ಯೋದಯಕ್ಕೆ ಮುನ್ನ ಹೆಪ್ಪುಗಟ್ಟಿದ್ದನ್ನು ಆಳವಾದ ಕುಳಿಗೆ ತುಂಬಿ ಬೇಸಿಗೆಯವರೆಗೆ ಕಾಪಾಡುತ್ತಿದ್ದುದನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲಿ ದಾಖಲಿಸಿದ್ದಾನೆ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಕೆರೆಯ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದಾಗ, ಹೇರಿದ 180 ಟನ್ನುಗಳಲ್ಲಿ ಸುಮಾರು 100 ಟನ್ ಕರಗದೆ ತಲುಪಿತು. ಮುಂದೆ ವಿವೇಕಾನಂದರು ತಂಗಿದ ಮದರಾಸಿನ ಐಸ್ ಹೌಸ್ ಈ ವ್ಯಾಪಾರದ ದಾಸ್ತಾನು ಮಳಿಗೆಯಾಗಿತ್ತು. ಆದರೆ ಈ ತಂಪೆಲ್ಲ ಪಾನೀಯಕ್ಕೂ ರೋಗಿಗಳ ಆರೈಕೆಗೂ ಸಂದಿತೇ ಹೊರತು ಕೋಣೆಗಳ ಗಾಳಿಗೆ ಸಲ್ಲಲಿಲ್ಲ. 1880ರ ಸುಮಾರಿಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ರಂಗಮಂದಿರ ಮಂಜುಗಡ್ಡೆಯ ಮೇಲೆ ಹಾಯಿಸಿದ ಗಾಳಿಯನ್ನು ಪ್ರೇಕ್ಷಕರತ್ತ ಬೀಸಿದ್ದು ಆ ದಿಕ್ಕಿನ ಆರಂಭಿಕ ಪ್ರಯೋಗಗಳಲ್ಲೊಂದು.

ಯಂತ್ರಗಳು ಬಂದ ಮೇಲೂ ಸಂಗ್ರಹದ ಅಗತ್ಯ ತಪ್ಪಲಿಲ್ಲ. ವಾರಕ್ಕೊಮ್ಮೆ ಕೆಲವೇ ಗಂಟೆ ಜನ ತುಂಬುವ ಅಮೆರಿಕದ ಚರ್ಚುಗಳಿಗೂ ರಂಗಮಂದಿರಗಳಿಗೂ ದೊಡ್ಡ ಕಂಪ್ರೆಸರ್ ಕೊಳ್ಳುವುದು ದುಂದುವೆಚ್ಚವಾಗಿದ್ದುದರಿಂದ, 1930ರ ದಶಕದ ಹೊತ್ತಿಗೆ ಸಣ್ಣ ಯಂತ್ರವೊಂದು ನಿಧಾನವಾಗಿ ಕಟ್ಟಿದ ಮಂಜುಗಡ್ಡೆಯನ್ನು ಆ ಕೆಲವು ಗಂಟೆಗಳಲ್ಲಿ ಕರಗಿಸುವ ಪದ್ಧತಿ ಬಳಕೆಗೆ ಬಂತು. ಹಾಲು ಬರುವ ಹೊತ್ತಿಗಷ್ಟೇ ಭಾರಿ ತಂಪು ಬೇಡುವ ಡೈರಿಗಳಲ್ಲಿ ಐಸ್ ಬ್ಯಾಂಕ್ ಟ್ಯಾಂಕುಗಳು ಇಂದಿಗೂ ಇದೇ ತರ್ಕದ ಮೇಲೆ ನಡೆಯುತ್ತವೆ.

ಮಂಜುಗಡ್ಡೆಗೆ ಮಹತ್ವ ಬಂದುದು ಅದರ ಗುಪ್ತೋಷ್ಣದಿಂದ, ಅಂದರೆ ಉಷ್ಣತೆ ಬದಲಾಗದೆಯೇ ಕರಗುವಾಗ ಅದು ಹೀರುವ ಶಾಖದಿಂದ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗುವಾಗ ಸುಮಾರು 334 ಕಿಲೋಜೂಲ್ ಶಾಖ ಹೀರಿದರೆ, ಅಷ್ಟೇ ತೂಕದ ನೀರು 10 ಡಿಗ್ರಿ ಬಿಸಿಯೇರುವಾಗ ಹೀರುವುದು 42 ಮಾತ್ರ. ಎಂಟು ಪಟ್ಟಿನ ಈ ಅಂತರದಿಂದ ಟ್ಯಾಂಕು ಚಿಕ್ಕದಾಗುತ್ತದೆ ನಿಜ. ಆದರೆ ಹೆಪ್ಪುಗಟ್ಟಿಸಲು ಚಿಲ್ಲರ್, ಅಂದರೆ ತಂಪು ತಯಾರಿಸುವ ಯಂತ್ರ, ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ನಡೆಯಬೇಕಾದ್ದರಿಂದ ಅದರ ದಕ್ಷತೆ ಕುಗ್ಗುತ್ತದೆ. ಸ್ಥಳ ಧಾರಾಳವಾಗಿರುವಲ್ಲಿ ತಣ್ಣೀರಿನ ಟ್ಯಾಂಕೇ ಲೇಸು. ಅದರಲ್ಲಿ ತಣ್ಣೀರು ತಳದಲ್ಲಿಯೂ ಬಳಸಿ ಮರಳಿದ ಬೆಚ್ಚನೆಯ ನೀರು ಮೇಲೆಯೂ ಬೆರೆಯದೆ ಪದರಗಟ್ಟಿ ನಿಲ್ಲಬೇಕು. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಗರಿಷ್ಠವಾಗಿರುವುದರಿಂದ ಅದಕ್ಕಿಂತ ತಣ್ಣಗಾದ ನೀರು ಮೇಲೇರತೊಡಗಿ ಈ ಪದರ ಕದಡುತ್ತದೆ.

ಈ ತಿಳಿವಳಿಕೆ ಹಳೆಯದೇ. ಅದಕ್ಕೆ ಬೆಲೆ ಬಂದದ್ದು 1970ರ ದಶಕದ ಇಂಧನ ಬಿಕ್ಕಟ್ಟಿನ ನಂತರ. ಅಮೆರಿಕದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಹವಾನಿಯಂತ್ರಣದಿಂದಲೇ ವಿದ್ಯುತ್ ಬೇಡಿಕೆ ಶಿಖರಕ್ಕೇರುತ್ತಿತ್ತು. ಆ ಶಿಖರಕ್ಕಾಗಿ ಹೊಸ ಸ್ಥಾವರ ಕಟ್ಟುವುದಕ್ಕಿಂತ ಗ್ರಾಹಕರ ಟ್ಯಾಂಕಿಗೆ ಸಹಾಯಧನ ಕೊಡುವುದು ಅಗ್ಗವೆಂದು ವಿದ್ಯುತ್ ಕಂಪನಿಗಳು ಕಂಡುಕೊಂಡವು. ತಿಂಗಳ ಗರಿಷ್ಠ ಬಳಕೆಯ ಮೇಲೆ ವಿಧಿಸುವ ಬೇಡಿಕೆ ಶುಲ್ಕದಿಂದ ಪಾರಾಗಲು ಕಟ್ಟಡದ ಮಾಲೀಕರೂ ಮುಂದೆ ಬಂದರು. ಹಗಲಿನ ಹೊರೆಯಲ್ಲಿ ಒಂದು ಪಾಲನ್ನಷ್ಟೇ ಟ್ಯಾಂಕಿಗೆ ಬಿಡುವ ಭಾಗಶಃ ಸಂಗ್ರಹದಲ್ಲಿ ಚಿಲ್ಲರ್ ಹಗಲಿರುಳೂ ನಡೆಯುವುದರಿಂದ ಅದರ ಗಾತ್ರವೂ ಕಡಿಮೆಯಾಗುತ್ತಿತ್ತು. ಸಹಾಯಧನ ಇಳಿದಾಗ ಉತ್ಸಾಹವೂ ಇಳಿಯಿತೆಂಬುದು ತಂತ್ರಜ್ಞಾನಕ್ಕಿಂತ ದರಪಟ್ಟಿಯೇ ಬಲಶಾಲಿ ಎಂಬುದಕ್ಕೆ ಸಾಕ್ಷಿ.

ಭಾರತದಲ್ಲಿ ಈಗ ಆ ದರಪಟ್ಟಿಯೇ ತಲೆಕೆಳಗಾಗುತ್ತಿದೆ. 2023ರ ಕೇಂದ್ರ ನಿಯಮಗಳು ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ ಸೌರ ವಿದ್ಯುತ್ತಿನ ಗಂಟೆಗಳಲ್ಲಿ ಕಡಿಮೆ ದರವನ್ನೂ ಗರಿಷ್ಠ ಬೇಡಿಕೆಯ ಗಂಟೆಗಳಲ್ಲಿ ಸಾಮಾನ್ಯ ದರದ ಕನಿಷ್ಠ 1.2 ಪಟ್ಟನ್ನೂ ಸೂಚಿಸುತ್ತವೆ. ಪಾವಗಡದಲ್ಲಿಯೇ 2,050 ಮೆಗಾವಾಟ್ ಸೌರ ಸ್ಥಾವರವಿರುವ ಕರ್ನಾಟಕದಂಥ ರಾಜ್ಯದಲ್ಲಿ ಅಗ್ಗದ ಹೊತ್ತು ನಡುರಾತ್ರಿಯಿಂದ ನಡುಹಗಲಿಗೆ ಸರಿಯುವುದು ಸಹಜ. ಆಗ ಚಿಲ್ಲರ್ ಮಧ್ಯಾಹ್ನದ ಸೆಕೆಯಲ್ಲಿ ಕಟ್ಟಡವನ್ನೂ ತಂಪಾಗಿಸಿ ಟ್ಯಾಂಕನ್ನೂ ತುಂಬಬೇಕಾಗುತ್ತದೆ. ಭಾಗಶಃ ಸಂಗ್ರಹ ತಂದುಕೊಟ್ಟಿದ್ದ ಸಣ್ಣ ಚಿಲ್ಲರಿನ ಲಾಭ ಉಳಿಯದೆ, ಇನ್ನೂ ದೊಡ್ಡದನ್ನೇ ಕೂರಿಸಬೇಕಾಗುತ್ತದೆ. ಹಗಲಲ್ಲಿ ಕೂಡಿಟ್ಟ ತಂಪು ಬಳಕೆಗೆ ಬರುವುದು ಸೂರ್ಯ ಮುಳುಗಿದ ಮೇಲಾದ್ದರಿಂದ, ಸಂಜೆ ಆರಕ್ಕೆ ಬಾಗಿಲು ಹಾಕುವ ಕಚೇರಿಗೆ ಈ ಏರ್ಪಾಡು ಹೊಂದದು. ರಾತ್ರಿಯೂ ತಂಪು ಬೇಡುವ ಆಸ್ಪತ್ರೆ, ಹೋಟೆಲ್ಲು, ಮಾಲುಗಳಲ್ಲಿ ಮಾತ್ರ ಅದಕ್ಕೆ ಅರ್ಥವಿದೆ.