ಇನ್, ಆನ್, ಅಟ್: ಮೂರು ಪುಟ್ಟ ಪದಗಳ ಹಳೇ ಕಥೆ

ಆಫೀಸಿನಲ್ಲಿ ಇಂಗ್ಲಿಷ್ ಮೇಲ್ ಬರೆಯುವವರಿಗೆಲ್ಲ ಗೊತ್ತಿರುವ ಹಿಂಸೆ ಇದು. ನಲವತ್ತು ಪುಟದ ಡಿಸೈನ್ ಡಾಕ್ಯುಮೆಂಟನ್ನು ಸಲೀಸಾಗಿ ಬರೆದು ಮುಗಿಸಿದವನ ಬೆರಳು ‘ಇನ್ ಮಂಡೇ’ನೋ ‘ಆನ್ ಮಂಡೇ’ನೋ ಅನ್ನುವಲ್ಲಿ ಬಂದು ನಿಂತುಬಿಡುತ್ತೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಗೆಳೆಯನೊಬ್ಬ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಕೋಡಿಂಗಿನಲ್ಲಿ ನಮ್ಮೆಲ್ಲರಿಗಿಂತ ಚುರುಕು. ಒಂದು ಕಾನ್ಫರೆನ್ಸ್ ಕಾಲಿನಲ್ಲಿ ‘ಸಿನ್ಸ್ ಟೂ ಇಯರ್ಸ್’ ಅಂದ. ಟೇಬಲ್ಲಿನ ಆ ತುದಿಯಲ್ಲಿ ಇಬ್ಬರು ಮುಸಿಮುಸಿ ನಕ್ಕರು. ಅವತ್ತಿನಿಂದ ಆತ ಮೀಟಿಂಗುಗಳಲ್ಲಿ ಬಾಯಿ ಬಿಡೋದನ್ನೇ ಕಮ್ಮಿ ಮಾಡಿದ.

ಆ ನಗು ನನ್ನನ್ನು ಸುಮಾರು ದಿನ ಕಾಡಿತು. ನಕ್ಕವರು ಈ ನಿಯಮಗಳನ್ನ ನ್ಯೂಟನ್ನನ ಸೂತ್ರಗಳ ಥರ ತಿಳಿದುಕೊಂಡಿದ್ದಾರೆ. ಅವು ಸೂತ್ರಗಳಲ್ಲ ಸ್ವಾಮಿ, ಸಾವಿರ ವರ್ಷದಲ್ಲಿ ಒಂದರ ಮೇಲೊಂದು ಹಚ್ಚಿದ ಪ್ಯಾಚುಗಳು!

ನೇರ ಒಂದು ಉದಾಹರಣೆಗೆ ಬರ್ತೀನಿ. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಏಸು ಕಲಿಸಿದ ಪ್ರಾರ್ಥನೆ ಇದೆಯಲ್ಲ, ಅದರಲ್ಲಿ ದೇವರ ಇಚ್ಛೆ ಪರಲೋಕದಲ್ಲಿ ನಡೆಯುವಂತೆ ಭೂಮಿಯಲ್ಲೂ ನಡೆಯಲಿ ಅನ್ನುವ ಮಾತು ಬರುತ್ತೆ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ವೆಸ್ಟ್ ಸ್ಯಾಕ್ಸನ್ ಅನ್ನುವ ಹಳೇ ಇಂಗ್ಲಿಷಿನ ಪ್ರಭೇದಕ್ಕೆ ಸುವಾರ್ತೆಗಳನ್ನು ಅನುವಾದ ಮಾಡಿದ್ದರು. ಅದರಲ್ಲಿ ಭೂಮಿಗೂ ‘ಆನ್’, ಸ್ವರ್ಗಕ್ಕೂ ‘ಆನ್’. 1611ರ ಕಿಂಗ್ ಜೇಮ್ಸ್ ಬೈಬಲ್ ತೆಗೆದರೆ ಅದೇ ಜಾಗದಲ್ಲಿ ಭೂಮಿಗೂ ‘ಇನ್’, ಸ್ವರ್ಗಕ್ಕೂ ‘ಇನ್’. 1881ರ ಪರಿಷ್ಕೃತ ಹೊಸ ಒಡಂಬಡಿಕೆಯಲ್ಲಿ ಸ್ವರ್ಗಕ್ಕೆ ‘ಇನ್’, ಭೂಮಿಗೆ ‘ಆನ್’. ಇವತ್ತಿನ ಇಂಗ್ಲಿಷಿನವರು ಹೇಳೋದೂ ಹಾಗೇ. ಭೂಮಿ ಅಲ್ಲೇ ಇತ್ತು, ಸ್ವರ್ಗವೂ ಎಲ್ಲೂ ಹೋಗಿರಲಿಲ್ಲ. ಪ್ರಿಪೋಸಿಷನ್ ಮಾತ್ರ ಬದಲಾಗುತ್ತಾ ಬಂತು. ಕನ್ನಡದಲ್ಲಿ ನಾವು ಎರಡಕ್ಕೂ ‘ಅಲ್ಲಿ’ ಹಚ್ಚಿ ಆರಾಮಾಗಿದ್ದೀವಿ. ಅಂದರೆ ಹತ್ತನೇ ಶತಮಾನದ ಇಂಗ್ಲಿಷಿನವನ ‘ಆನ್’ ಹೆಚ್ಚುಕಮ್ಮಿ ನಮ್ಮ ಸಪ್ತಮಿ ವಿಭಕ್ತಿಯಷ್ಟೇ ಅಗಲವಾಗಿತ್ತು. ಒಳಗೆ, ಮೇಲೆ ಎರಡಕ್ಕೂ ಅದೊಂದೇ ಸಾಕಾಗಿತ್ತು.

ವಿಭಕ್ತಿ ಅಂದೆನಲ್ಲ, ಹಳೇ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ನಾಲ್ಕು ಮುಖ್ಯವಾದವು, ಐದನೆಯದರ ಅಲ್ಪಸ್ವಲ್ಪ ಪಳೆಯುಳಿಕೆ. ಕೆಲವು ಕಡೆ ಪ್ರಿಪೋಸಿಷನ್ನೇ ಇಲ್ಲದೆ ಬರೀ ಪ್ರತ್ಯಯದಲ್ಲೇ ಕಾಲ ಹೇಳಿ ಮುಗಿಸುತ್ತಿದ್ದರು. ರಾತ್ರಿ ಅನ್ನೋ ಪದಕ್ಕೆ ಷಷ್ಠಿಯ ‘ಎಸ್’ ಹಚ್ಚಿದರೆ ‘ರಾತ್ರಿ ಹೊತ್ತು’ ಅಂತಾಗುತ್ತಿತ್ತು. ನೈಟ್ ಶಿಫ್ಟಿನವರು ‘ಐ ವರ್ಕ್ ನೈಟ್ಸ್’ ಅಂತಾರಲ್ಲ, ಆ ‘ನೈಟ್ಸ್’ನ ಮೂಲ ಅಲ್ಲಿದೆ. ಈಗ ಅದು ಬಹುವಚನದ ಥರ ಕಾಣುತ್ತೆ, ಹುಟ್ಟಿದ್ದು ವಿಭಕ್ತಿಯಾಗಿ.

ಆಮೇಲೆ ಆ ಪ್ರತ್ಯಯಗಳು ಸವೆದು ಹೋದವು. ಒತ್ತು ಬೀಳದ ಕೊನೆಯ ಸ್ವರಗಳೆಲ್ಲ ಕರಗಿ ಒಂದೇ ಥರ ಕೇಳಿಸತೊಡಗಿದವು. ಉತ್ತರ ಇಂಗ್ಲೆಂಡಿನಲ್ಲಿ ಬಂದು ನೆಲೆಸಿದ ವೈಕಿಂಗರ ನಾರ್ಸ್ ಭಾಷೆಗೂ ಇವರ ಭಾಷೆಗೂ ಪದಗಳ ಬೇರು ಹತ್ತಿರ, ಬಾಲ ಮಾತ್ರ ಬೇರೆ. ಸಂತೆಯಲ್ಲಿ ವ್ಯಾಪಾರ ಮಾಡೋವಾಗ ಬಾಲ ಬಿಟ್ಟು ಮಾತಾಡಿದರೇ ಇಬ್ಬರಿಗೂ ಅನುಕೂಲ, ಹಾಗಾಗಿ ಈ ಸವೆತ ಜೋರಾಯಿತು ಅನ್ನುವ ವಿದ್ವಾಂಸರಿದ್ದಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಡಳಿತದ ಬರವಣಿಗೆ ಲ್ಯಾಟಿನ್, ಫ್ರೆಂಚುಗಳಿಗೆ ಹೋಯಿತು. ಹಳೇ ರೂಪಗಳನ್ನ ಹಿಡಿದು ನಿಲ್ಲಿಸೋಕೆ ಮೇಷ್ಟ್ರುಗಳೂ ಇಲ್ಲವಾದರು. ಪ್ರತ್ಯಯಗಳು ಮಾಡ್ತಿದ್ದ ಕೆಲಸವೆಲ್ಲ ಬಂದು ಈ ಪುಟ್ಟ ಪದಗಳ ಹೆಗಲ ಮೇಲೆ ಬಿತ್ತು. ಅಷ್ಟು ದಿನ ಒಬ್ಬನೇ ಸಂಭಾಳಿಸುತ್ತಿದ್ದ ‘ಆನ್’ನ ಕೆಲಸದಲ್ಲಿ ‘ಇನ್’ ತನ್ನ ಪಾಲು ಕೇಳತೊಡಗಿತು. ಬೆಳಗಿನ ಹೊತ್ತು ಅನ್ನೋದಕ್ಕೂ ಹಳಬರು ‘ಆನ್’ ಅಂತಿದ್ದರು; ಅದು ಇವತ್ತಿನ ‘ಇನ್ ದ ಮಾರ್ನಿಂಗ್’. ವಾರದ ದಿನಗಳು ಮಾತ್ರ ‘ಆನ್’ ಹತ್ತಿರವೇ ಉಳಿದವು. ಆಸ್ತಿ ಪಾಲು ಮಾಡುವಾಗ ಎಲ್ಲ ಕಡೆ ಲಾಜಿಕ್ ಇರುತ್ತಾ ಹೇಳಿ? :-)

‘ಅಟ್’ನ ಕಥೆ ಇನ್ನೂ ಮಜವಾಗಿದೆ. ಹಿಂದೆ ಅದು ಊರ ಹೆಸರಿಗೇ ಅಂಟಿಕೊಂಡು ಬರುತ್ತಿತ್ತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ರೈ ಅಂತ ಒಂದು ಊರಿದೆ. ‘ದ್ವೀಪದ ಹತ್ತಿರ’ ಅನ್ನುವ ಅರ್ಥದ ‘ಅಟರ್ ಈ’ಯಲ್ಲಿ ‘ಅಟ್’ ಉದುರಿ, ಮಧ್ಯದ ‘ರ್’ ಮಾತ್ರ ಊರಿಗೆ ಅಂಟಿ ಹಾಗಾಯಿತು. ಇನ್ನು ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದೇನು? ದೊಡ್ಡ ಊರಿಗೆ ‘ಇನ್’, ಸಣ್ಣ ಊರಿಗೆ ‘ಅಟ್’. ರೆನ್ ಮತ್ತು ಮಾರ್ಟಿನ್ ಅವರ ಗ್ರಾಮರ್ ಪುಸ್ತಕದಲ್ಲಿದ್ದ ನಿಯಮ ಅದು. (ಈ ರೆನ್ ‘ಬೋ ಜೆಸ್ಟ್’ ಕಾದಂಬರಿ ಬರೆದ ಪಿ.ಸಿ. ರೆನ್ ಅವರೇ. ಮುಂಬಯಿ ಕಡೆ ಶಿಕ್ಷಣ ಇಲಾಖೆಯಲ್ಲಿದ್ದವರು.) ಆದರೆ 1603ರಲ್ಲಿ ಅಚ್ಚಾದ ಹ್ಯಾಮ್ಲೆಟ್ ನಾಟಕದ ಮುಖಪುಟದಲ್ಲಿ ಇರೋದು ‘ಅಟ್ ಲಂಡನ್’! ಇಡೀ ಇಂಗ್ಲೆಂಡಿಗೇ ದೊಡ್ಡದಾದ ಊರು ಅದು. ಆ ಕಾಲದಲ್ಲಿ ಅದು ತಪ್ಪಲ್ಲ, ಅಚ್ಚುಕೂಟದವರ ಮಾಮೂಲಿ ರೂಢಿ.

ಈಗಲೂ ಇದು ನಿಂತ ನೀರಲ್ಲ. ವಾರಾಂತ್ಯಕ್ಕೆ ಬ್ರಿಟಿಷರದು ‘ಅಟ್ ದ ವೀಕೆಂಡ್’, ಅಮೆರಿಕದವರದು ‘ಆನ್ ದ ವೀಕೆಂಡ್’. ನ್ಯೂಯಾರ್ಕಿನವರು ಕ್ಯೂನಲ್ಲಿ ‘ಆನ್ ಲೈನ್’ ನಿಂತರೆ ಬೇರೆ ಊರಿನ ಅಮೆರಿಕನ್ನರು ‘ಇನ್ ಲೈನ್’ ನಿಲ್ಲುತ್ತಾರೆ. ಅಮೆರಿಕದ ಪತ್ರಿಕೆಗಳಂತೂ ಎಷ್ಟೋ ಸಲ ‘ಆನ್’ ಬಿಟ್ಟು ಬರೀ ‘ಮಂಡೇ’ ಅಂತ ಬರೆದು ಮುಗಿಸುತ್ತವೆ. ನಾವು ‘ಸೋಮವಾರ ಬಂದ’ ಅಂದ ಹಾಗೇ.

ಹಾಗಂತ ಬಾಯಿಗೆ ಬಂದದ್ದು ಹೇಳಬಹುದು ಅಂತ ಅಲ್ಲ. ಇವತ್ತಿನ ಇಂಗ್ಲಿಷ್ ಇವತ್ತಿನ ರೂಢಿಯಂತೆ ನಡೆಯುತ್ತೆ, ಆ ರೂಢಿ ಕಲಿಯಲೇಬೇಕು. ಆದರೆ ಕಲಿಯುವವನಿಗೆ ನಮ್ಮ ಮೇಷ್ಟ್ರುಗಳು ಹೇಳದೇ ಬಿಟ್ಟ ಒಂದು ವಿಷಯ ಇದೆ. ಕಾಲದ ಮಟ್ಟಿಗೆ ಈ ಮೂರು ಪಾಲು ಕನ್ನಡದಲ್ಲೂ ಇದೆ ಕಣ್ರೀ! ‘ಐದು ಗಂಟೆಗೆ’ ಅಂತೀವಿ, ಅದು ‘ಅಟ್’. ‘ಆಗಸ್ಟ್ 15ರಂದು’ ಅಂತೀವಿ, ಅದು ‘ಆನ್’. ‘1947ರಲ್ಲಿ’ ಅಂತೀವಿ, ಅದು ‘ಇನ್’. ಗಡಿಯಾರದ ಗೆರೆಗೆ ಒಂದು, ದಿನಕ್ಕೆ ಒಂದು, ತಿಂಗಳು ವರ್ಷಕ್ಕೆ ಇನ್ನೊಂದು. ಹೊರರಾಜ್ಯದ ಸಹೋದ್ಯೋಗಿ ಕನ್ನಡ ಕಲಿಯೋ ಉತ್ಸಾಹದಲ್ಲಿ ‘ಐದು ಗಂಟೆಯಲ್ಲಿ ಬರ್ತೀನಿ’ ಅಂದರೆ ನಮಗೆ ಕೇಳಿಸೋದು ಐದು ಗಂಟೆಯೊಳಗೆ ಬರ್ತೀನಿ ಅಂತ. ಆಗ ಯಾರೂ ಮುಸಿಮುಸಿ ನಗಲ್ಲ, ಪಾಪ ಕಲೀತಿದ್ದಾನೆ ಅಂತ ಖುಷಿಯಿಂದ ತಿದ್ದುತ್ತೀವಿ. ನಮ್ಮ ಪ್ರತ್ಯಯಗಳೂ ಹಾಗೇ ನಿಂತಿಲ್ಲ ಬಿಡಿ. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಪ್ತಮಿಗೆ ಕೊಟ್ಟಿದ್ದು ‘ಒಳ್’. ಅದು ಈಗ ‘ಮನೆಯೊಳಗೆ’ ಅನ್ನುವಲ್ಲಿ ಕೂತಿದೆ, ಸಪ್ತಮಿಯ ಸೀಟನ್ನು ‘ಅಲ್ಲಿ’ ಹಿಡಿದಿದೆ.

ಇನ್ನು ಆ ‘ಸಿನ್ಸ್ ಟೂ ಇಯರ್ಸ್’. ಎಡವಟ್ಟು ಯಾಕಾಗುತ್ತೆ ಅಂದರೆ, ಕನ್ನಡದ ‘ಇಂದ’ ಎರಡು ಕೆಲಸ ಮಾಡುತ್ತೆ. ‘2005ರಿಂದ’ ಅಂದರೂ ಸರಿ, ‘ಎರಡು ವರ್ಷದಿಂದ’ ಅಂದರೂ ಸರಿ. ಮೊದಲನೆಯದು ಶುರುವಾದ ಗಳಿಗೆ, ಎರಡನೆಯದು ಕಳೆದ ಅವಧಿ. ಇಂಗ್ಲಿಷಿನ ‘ಸಿನ್ಸ್’ ಹುಟ್ಟಿದ್ದು ‘ಅದಾದ ಮೇಲೆ’ ಅನ್ನುವ ಅರ್ಥದ ಎರಡು ಹಳೇ ಪದಗಳು ಕೂಡಿ. ಒಳಗೊಂದು ‘ಅದು’ ಬಚ್ಚಿಟ್ಟುಕೊಂಡು ಕೂತಿದೆ. ಆದ್ದರಿಂದ ಬೆರಳು ಮಾಡಿ ತೋರಿಸೋಕೆ ಅದಕ್ಕೊಂದು ಗುರುತು ಬೇಕು: ಇಸವಿಯೋ, ದಿನವೋ, ಮದುವೆಯೋ. ‘ಎರಡು ವರ್ಷ’ ಅನ್ನೋದು ಅಳತೆ, ಗುರುತಲ್ಲ. ಅಳತೆಗೆ ‘ಫಾರ್’. ನನ್ನ ಗೆಳೆಯನಿಗೆ ಇದನ್ನ ಚಹಾ ಕುಡಿಯುತ್ತಾ ಹೇಳಿದೆ. “ಇಷ್ಟೇನಾ? ಇದನ್ನ ಆರನೇ ಕ್ಲಾಸಲ್ಲೇ ಯಾಕೋ ಯಾರೂ ಹೇಳ್ಲಿಲ್ಲ?” ಅಂದ.

ಇನ್ನೊಂದು ತಮಾಷೆ ಇದೆ. ‘ದಿನಕ್ಕೆ ಎರಡು ಸಲ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ಟ್ವೈಸ್ ಅ ಡೇ’ ಅಂತಾರಲ್ಲ, ಅಲ್ಲಿರೋ ‘ಅ’ ಆರ್ಟಿಕಲ್ ಅಂತ ಬಹಳ ಜನ ತಿಳಿದಿದ್ದಾರೆ. ಅದು ಹುಟ್ಟಿದ್ದು ಆರ್ಟಿಕಲ್ಲಾಗಿ ಅಲ್ಲ. ಅದು ಸವೆದು ಸವೆದು ಒಂದೇ ಅಕ್ಷರಕ್ಕಿಳಿದ ಆ ಹಳೇ ‘ಆನ್’. ‘ಅಲೈವ್’, ‘ಅಸ್ಲೀಪ್’, ‘ಅಶೋರ್’ ಪದಗಳ ಮೊದಲ ಅಕ್ಷರವೂ ಅದೇ. ‘ಅಲೈವ್’ ಅನ್ನೋದು ಮೊದಲು ‘ಆನ್ ಲೈಫ್’ ಆಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು ‘ಟ್ವೈಸ್ ಅ ಡೇ’ ಅಂದಾಗಲೆಲ್ಲ, ಹಳೇ ಇಂಗ್ಲಿಷಿನ ಆ ಪ್ರಿಪೋಸಿಷನ್ನು ನಮ್ಮ ‘ದಿನಕ್ಕೆ’ಯ ‘ಕ್ಕೆ’ ಮಾಡುವ ಕೆಲಸವನ್ನೇ ಮಾಡುತ್ತಾ ಅಲ್ಲಿ ಕೂತಿರುತ್ತೆ.